ಪದಚರ್ಚೆ: ‘ಸ್ವಯಂ ಉರಿಯೂತ’ ಸರಿಯೇ? (ಕರಪತ್ರ ಇಂದು ಸಂಜೆ ಅಚ್ಚಿಗೆ ಹೋಗಬೇಕು)

ಪ್ರಶ್ನೆ, ಮಡಿಕೇರಿಯಿಂದ

ಮಾನ್ಯರೇ,

ಆರೋಗ್ಯ ಶಿಬಿರದಲ್ಲಿ ಹಂಚುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಐದರೊಳಗೆ ಅದು ಗೋಣಿಕೊಪ್ಪಲಿನ ಮುದ್ರಣಾಲಯದಲ್ಲಿರಬೇಕು. ವಿಷಯ, ಜ್ವರ, ಕೀಲುನೋವು, ಗಂಧೆಗಳನ್ನು ತರುವ, ವಯಸ್ಕರಲ್ಲಿ ತೊಡಗುವ ಸ್ಟಿಲ್ ಕಾಯಿಲೆ. ಯಾರೋ ಮೊಬೈಲಿನಲ್ಲಿ ಅನುವಾದಿಸಿಕೊಟ್ಟ ಕರಡಿನಲ್ಲಿ ಅದು ‘ವಯಸ್ಕ ಪ್ರಾರಂಭದ ಇನ್ನೂ ರೋಗ’ ಎಂದಾಗಿತ್ತು. ಇಂಗ್ಲಿಷಿನ ‘ಸ್ಟಿಲ್’ ಪದಕ್ಕೆ ‘ಇನ್ನೂ’ ಎಂಬ ಅರ್ಥವಿದ್ದರೂ, ಇಲ್ಲಿ ಸ್ಟಿಲ್ ಎಂಬುದು 1897ರಲ್ಲಿ ಮಕ್ಕಳ ಕೀಲುರೋಗವನ್ನು ವರ್ಣಿಸಿದ ವೈದ್ಯರ ಹೆಸರು. ವಯಸ್ಕರಲ್ಲಿಯೂ ಅಂಥದೇ ಕಾಯಿಲೆ ಉಂಟೆಂದು ಬೈವಾಟರ್ಸ್ ಬರೆದದ್ದು 1971ರಲ್ಲಿ.

ನನಗೆ ಈಗ ಬೇಕಿರುವುದು ‘ಆಟೋಇನ್‌ಫ್ಲಮೇಟರಿ’ ಎಂಬುದಕ್ಕೆ ಪದ. ಆಟೋಇಮ್ಯೂನ್ ರೋಗಗಳಿಗೆ ಬಳಸುವ ‘ಸ್ವಯಂ ಪ್ರತಿರಕ್ಷಣಾ’ ಇಲ್ಲಿ ಸಲ್ಲದು. ಅವುಗಳಲ್ಲಿ ದೇಹವು ತನ್ನ ಮೇಲೆಯೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಇದರಲ್ಲಿ ಹುಟ್ಟಿನಿಂದ ಬಂದ ಸಹಜ ರಕ್ಷಣಾ ವ್ಯವಸ್ಥೆಯೇ ಕಾರಣವಿಲ್ಲದೆ ಕೆರಳುತ್ತದೆ, ಆದುದರಿಂದ ಆ ಪ್ರತಿಕಾಯಗಳ ಪರೀಕ್ಷೆ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಇವೆರಡಕ್ಕೂ ಒಂದೇ ಹೆಸರಿಟ್ಟರೆ, ವರದಿಯಲ್ಲಿ ‘ಇಲ್ಲ’ ಎಂದು ಬಂದವನು ರೋಗವೇ ಇಲ್ಲವೆಂದುಕೊಂಡು ಮನೆಗೆ ಹೋಗುತ್ತಾನೆ. ನಾನು ‘ಸ್ವಯಂ ಉರಿಯೂತ’ ಎಂದು ಬರೆದಿದ್ದೇನೆ.

ಇನ್ನೊಂದು ತೊಡಕಿದೆ. ಜ್ವರ ಏರಿದಾಗ ಮೂಡಿ, ಇಳಿದಾಗ ಅಳಿಸಿಹೋಗುವ ಗಂಧೆಗಳನ್ನು ಮೂಲದಲ್ಲಿ ಸಾಲ್ಮನ್ ಮೀನಿನ ಬಣ್ಣದವು ಎಂದಿದ್ದಾರೆ. ಮತ್ತಿ, ಬಂಗುಡೆ ಕೊಳ್ಳುವ ನಮ್ಮ ಸಂತೆಯಲ್ಲಿ ಆ ಮೀನನ್ನು ಕಂಡವರು ಯಾರು?

ಉತ್ತರ, ವಿರಾಜಪೇಟೆಯಿಂದ

‘ಸ್ವಯಂ’ ಸಂಸ್ಕೃತ, ‘ಉರಿಯೂತ’ ಅಚ್ಚಗನ್ನಡ. ಇದು ಅರಿಸಮಾಸ. ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಎಚ್ಚರಿಸಿದೆ, ವ್ಯಾಕರಣಕಾರ ಕೇಶಿರಾಜನೂ ಇದನ್ನು ದೋಷವೆಂದೇ ಎಣಿಸಿದ್ದಾನೆ. ನಡುವೆ ತೆರಪು ಬಿಟ್ಟು ಬರೆದ ಮಾತ್ರಕ್ಕೆ ಸಮಾಸ ಅಳಿಯುವುದಿಲ್ಲ.

ಉರಿಯೂತ ಎಷ್ಟು ಚೆಲುವಾದ ಪದವೆಂಬುದನ್ನು ಗಮನಿಸಿ. ಉರಿಯೂ ಊತವೂ ಸೇರಿದ ಜೋಡುನುಡಿ ಅದು. ‘ಊದು’ ಎಂಬ ಧಾತುವಿನಿಂದ ‘ಊತ’ ಬಂದಿದೆ. ರೋಮಿನ ಸೆಲ್ಸಸ್ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ನಮ್ಮ ಪದ ಹೆಸರಿನಲ್ಲಿಯೇ ಹೊತ್ತಿದೆ. ಇದಕ್ಕೆ ‘ತನ್ನುರಿಯೂತ’ ಎನ್ನಿ, ಸಾಕು.

ಉತ್ತರ, ಸೋಮವಾರಪೇಟೆಯಿಂದ

ವೈದ್ಯರು ಬಾಯಲ್ಲಿ ಆಡುವ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರಾಯಿತು. ‘ತನ್ನುರಿಯೂತ’ ಎಂದು ಚೀಟಿಯಲ್ಲಿ ಬರೆದುಕೊಂಡು ಹೋದ ರೋಗಿಯನ್ನು ಯಾವ ವೈದ್ಯ ಅರ್ಥಮಾಡಿಕೊಂಡಾನು? ಡೆಂಗಿ, ಕ್ಯಾನ್ಸರ್ ಎಲ್ಲವೂ ಎರವಲು ಪದಗಳೇ. ಅದರಿಂದ ಕನ್ನಡವೇನೂ ಸೊರಗಿಲ್ಲ.

ಉತ್ತರ, ವಿರಾಜಪೇಟೆಯಿಂದ

ಆಟೋ ಎಂದರೆ ನಮ್ಮ ಜನಕ್ಕೆ ನಿಲ್ದಾಣದ ಮುಂದಿನ ಮೂರು ಚಕ್ರದ ಗಾಡಿ. ಈ ಸಲಹೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಉತ್ತರ, ಕುಶಾಲನಗರದಿಂದ

ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನ ಮಾತಿದು. ಅರಿಸಮಾಸದ ಚಿಂತೆ ನನಗಿಲ್ಲ. ‘ಸ್ವಯಂ’ ಎಂದೊಡನೆ ಕಿವಿಗೆ ಬೀಳುವುದು ‘ಸ್ವಯಂಕೃತಾಪರಾಧ’. ತಾನೇ ಏನೋ ತಿಂದು, ತಾನೇ ಏನೋ ಮಾಡಿ ರೋಗವನ್ನು ತಂದುಕೊಂಡೆನೆಂದು ರೋಗಿ ತಿಳಿದಾನು. ‘ತನ್ನುರಿ’ಯಲ್ಲಿಯೂ ಆ ದೋಷ ಹೋಗುವುದಿಲ್ಲ. ‘ತಾನಾಗಿ ಕೆರಳುವ ಉರಿಯೂತ’ ಎಂದು ಬಿಡಿಸಿಯೇ ಬರೆಯಿರಿ.

ರೋಗನಿರ್ಣಯಕ್ಕೆ ‘ನಿದಾನ’ ಎಂಬ ಪದವನ್ನು ಇಡಬೇಡಿ. ಮೊಳೆ ಜೋಡಿಸುವವರು ಅದನ್ನು ‘ನಿಧಾನ’ ಎಂದು ತಿದ್ದುತ್ತಾರೆ. ಈ ಕಾಯಿಲೆಯ ಮಟ್ಟಿಗೆ ಆ ತಪ್ಪೂ ನಿಜವೇ. ಮಳೆಗಾಲದಲ್ಲಿ ನಮ್ಮ ತೋಟಗಳಿಂದ ಜ್ವರ ಹೊತ್ತು ಬಂದವರಲ್ಲಿ ಮೊದಲು ಡೆಂಗಿ, ಇಲಿಜ್ವರಗಳನ್ನು ಹುಡುಕಬೇಕಾದದ್ದು ನ್ಯಾಯವೇ. ಸ್ಟಿಲ್ ಕಾಯಿಲೆಯನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಎಂಬುದಿಲ್ಲ. ಸೋಂಕು, ಕ್ಯಾನ್ಸರ್, ಇತರ ಸಂಧಿರೋಗಗಳು ಅಲ್ಲವೆಂದು ಒಂದೊಂದಾಗಿ ಕಳೆಯುತ್ತಾ ಬರಬೇಕು. ಈ ಕಾಯಿಲೆಯನ್ನು ಗುರುತಿಸಲು ಬಳಸುವ 1992ರ ಯಾಮಾಗುಚಿ ಮಾನದಂಡಗಳಲ್ಲಿ 39 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೆ ಮೇಲ್ಪಟ್ಟ ಜ್ವರ ವಾರವಾದರೂ ಇರುವುದು, ಎರಡು ವಾರದ ಕೀಲುನೋವು, ಆ ಗಂಧೆಗಳು, ಒಂದು ಮೈಕ್ರೋಲೀಟರ್ ರಕ್ತದಲ್ಲಿ 10,000ಕ್ಕೆ ಅಥವಾ ಅದಕ್ಕೂ ಮೇಲೆ ಏರಿದ ಬಿಳಿ ರಕ್ತಕಣಗಳು ಮುಖ್ಯವಾದವು. ಗಂಟಲುನೋವು ಮೊದಲಾದವು ಅವುಗಳ ಜೊತೆಗಿನ ಕಿರಿಯವು. ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಪ್ರೋಟೀನಾದ ಫೆರಿಟಿನ್ ಆ ಪಟ್ಟಿಯಲ್ಲಿಲ್ಲದಿದ್ದರೂ, ರಕ್ತದಲ್ಲಿ ಅದು ಹಲವು ಪಟ್ಟು ಏರಿದ್ದರೆ ವೈದ್ಯರಿಗೆ ಅನುಮಾನ ಹುಟ್ಟುತ್ತದೆ.

ಮೀನನ್ನು ಬಿಟ್ಟು ‘ನಸುಗೆಂಪು’ ಎನ್ನಿ. ಕಪ್ಪು ಮೈಯಲ್ಲಿ ಅದೂ ಸುಲಭವಾಗಿ ಕಾಣದು. ಸಂಜೆ ಮೂಡಿದ ಗಂಧೆ ಬೆಳಗ್ಗೆ ವೈದ್ಯರ ಮುಂದೆ ಕುಳಿತಾಗ ಇರುವುದಿಲ್ಲವಾದ್ದರಿಂದ, ಕಂಡೊಡನೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ ಎಂಬ ಸಾಲನ್ನು ತಪ್ಪದೆ ಸೇರಿಸಿ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹೀಗೆ ಕಳುಹಿಸಿದ್ದೇನೆ: ‘ಸ್ಟಿಲ್ ಕಾಯಿಲೆ ತಾನಾಗಿ ಕೆರಳುವ ಉರಿಯೂತದ ರೋಗ, ಇದು ರೋಗಿಯ ತಪ್ಪಿನಿಂದ ಬರುವುದಲ್ಲ. ಸಂಜೆಯ ಜ್ವರದೊಡನೆ ನಸುಗೆಂಪು ಗಂಧೆ ಕಂಡರೆ ಚಿತ್ರ ತೆಗೆದಿಟ್ಟು ವೈದ್ಯರಿಗೆ ತೋರಿಸಿ.’ ಸೋಮವಾರಪೇಟೆಯವರ ಮಾತಿಗೆ ಒಪ್ಪಿ, ವೈದ್ಯರು ಬಳಸುವ ಪದವನ್ನು ಕೊನೆಯ ಪುಟದಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ.

ಉತ್ತರ, ವಿರಾಜಪೇಟೆಯಿಂದ

ಐದು ಅಕ್ಷರದ ಪದವಿರುವಾಗ ಮೂರು ಪದಗಳ ಮೆರವಣಿಗೆ ಏಕೆಂದು ತಿಳಿಯದು. ಅಚ್ಚಾದ ಮೇಲೆ ಒಂದು ಪ್ರತಿ ಕಳುಹಿಸಿ, ತಿದ್ದಿ ಹಿಂದಿರುಗಿಸುತ್ತೇನೆ.