ಪಿಯುಸಿಲಿ ಗಣಿತ ಚೆನ್ನಾಗಿ ಬಂತು: ಬಿಎಸ್ಸಿನಾ, ಸಿಎಸ್ ಇಂಜಿನಿಯರಿಂಗಾ?

ವಿಜಯನಗರ_ಪಿಸಿಎಂಸಿ:
ಸಿಇಟಿ ರ‍್ಯಾಂಕ್ ಬಂದಿದೆ. ಸಿಎಸ್ ಸೀಟು ಸಿಕ್ಕರೆ ಸಾಕು ಅಂತಾರೆ ಮನೇಲಿ. ನನಗೆ ಬಿಎಸ್ಸಿ ಗಣಿತದ ಕಡೆ ಮನಸ್ಸು. ಇದು ನಿಜವಾದ ಒಲವಾ, ಮಾರ್ಕ್ಸ್ ನೋಡಿ ಹುಟ್ಟಿದ ಆಸೆಯಾ, ತಿಳಿಯೋದು ಹೇಗೆ? ಜೊತೆಗೆ ಕೂತು ಓದೋರು ಸಿಗ್ತಾರಾ?

ಲೆಕ್ಕದಮೇಷ್ಟ್ರು:
ಪಿಯುಸಿ ಗಣಿತದಲ್ಲಿ ಸೂತ್ರ ಹಾಕಿ ಉತ್ತರ ತೆಗೆದರೆ ಮುಗೀತು. ಡಿಗ್ರಿಯಲ್ಲಿ ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್‌ನ ಹಿಂದಿನ ತರ್ಕ), ಗ್ರೂಪ್ ಥಿಯರಿ (ಅಮೂರ್ತ ಬೀಜಗಣಿತ) ಶುರುವಾದ ಮೇಲೆ 'ಸಾಧಿಸಿ' ಅನ್ನೋ ಪ್ರಶ್ನೆಗಳದೇ ಕಾರುಬಾರು. ಇಂಟಿಗ್ರೇಷನ್ ಚಕಚಕ ಮಾಡೋರೂ ಎಡವೋದು ಇಲ್ಲೇ.

ಹಾಗಾಗಿ ಈಗಲೇ ಪರೀಕ್ಷೆ ಮಾಡಿಕೊಳ್ಳಿ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ರಿಯಲ್ ಅನಾಲಿಸಿಸ್ ಪಾಠ ಪುಕ್ಕಟೆ ಇದೆ, 2 ವಾರದ್ದು ನೋಡಿ, ಅಸೈನ್‌ಮೆಂಟ್ ಬಿಡಬೇಡಿ. ಆಮೇಲೆ ಪುಸ್ತಕ ಮುಚ್ಚಿ, ಏರುತ್ತಾ ಹೋಗುವ, ಆದರೆ ಮೇಲ್ಮಿತಿ ಇರುವ ಸಂಖ್ಯೆಗಳ ಅನುಕ್ರಮಕ್ಕೆ (ಸೀಕ್ವೆನ್ಸ್) ಮಿತಿ (ಲಿಮಿಟ್) ಇದ್ದೇ ಇರುತ್ತೆ ಅಂತ ಬರೆದು ತೋರಿಸಿ. ಒಂದು ಗಂಟೆ ಹೊಳೆಯದಿದ್ದರೂ ಊಟಕ್ಕೆ ಕೂತಾಗ ಅದೇ ತಲೇಲಿ ಓಡ್ತಿದ್ದರೆ ಬಿಎಸ್ಸಿಗೆ ಹೋಗಿ. 'ಉತ್ತರ ಎಲ್ಲಿದೆ' ಅಂತ ಹುಡುಕಿದರೆ ಸಿಎಸ್ಸೇ ವಾಸಿ, ಅದರಲ್ಲಿ ಅವಮಾನವೇನಿಲ್ಲ.

ಮುಂದಿನ ವರ್ಷದವರು ಗಮನಿಸಿ: ಬೆಂಗಳೂರಿನ ಮೈಸೂರು ರಸ್ತೆಯ ಐಎಸ್‌ಐನಲ್ಲಿ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) 3 ವರ್ಷದ ಗಣಿತ ಪದವಿ ಬಿ.ಮ್ಯಾಥ್ ಇದೆ, ಸ್ಟೈಪೆಂಡೂ ಕೊಡ್ತಾರೆ. ಪ್ರವೇಶ ಪರೀಕ್ಷೆಯ ಎರಡನೇ ಭಾಗದಲ್ಲಿ ಪೂರ್ತಿ ಸಾಧನೆ ಬರೀಬೇಕು. ಹಳೇ ಪ್ರಶ್ನೆಪತ್ರಿಕೆ ಯಾರು ಬೇಕಾದರೂ ಬಿಡಿಸಿ ನೋಡಬಹುದು.

ಆಪ್ಷನ್_ಎಂಟ್ರಿ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಸೀಟು ಕೈಬಿಡುವ ಮೊದಲು ಸಿಇಟಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಲೆಕ್ಕಾಚಾರ ಗೊತ್ತಿರಲಿ. ಕಳೆದ ವರ್ಷದ ಕಟಾಫ್ ನೋಡಿಕೊಂಡು ಆಪ್ಷನ್ (ಬೇಕಾದ ಕಾಲೇಜು-ಕೋರ್ಸ್‌ಗಳ ಪಟ್ಟಿ) ಜೋಡಿಸೋದೇ ದೊಡ್ಡ ತಪ್ಪು. ನಿಮಗೆ ಇಷ್ಟವಾದ ಕ್ರಮದಲ್ಲೇ ಹಾಕಿ. 7ನೇ ಆಪ್ಷನ್ ಸಿಕ್ಕಿ ಚಾಯ್ಸ್ 2 (ಸಿಕ್ಕ ಸೀಟು ಇಟ್ಟುಕೊಂಡು ಇನ್ನೂ ಮೇಲಿನ ಆಪ್ಷನ್‌ಗೆ ಕಾಯೋದು) ಒತ್ತಿದರೆ ಮುಂದಿನ ಸುತ್ತಿಗೆ 1ರಿಂದ 6 ಮಾತ್ರ ಲೆಕ್ಕಕ್ಕೆ. ಚಾಯ್ಸ್ 1 ಅಂದರೆ ಅಲ್ಲಿಗೆ ಮುಗೀತು, ಶುಲ್ಕ ಕಟ್ಟಿ ಸೇರಬೇಕು.

ಬಿಎಸ್ಸಿ ಮಾಡಿದರೆ ಸಾಫ್ಟ್‌ವೇರ್ ಬಾಗಿಲು ಮುಚ್ಚುತ್ತೆ ಅಂತ ಮನೆಯವರು ಹೆದರಬೇಕಿಲ್ಲ. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂಸಿಎ (ಕಂಪ್ಯೂಟರ್ ಅಪ್ಲಿಕೇಷನ್ಸ್ ಸ್ನಾತಕೋತ್ತರ ಪದವಿ) ಸೇರಬಹುದು, ಎಂಎಸ್ಸಿಗೆ ಐಐಟಿಗಳ ಜಾಮ್ ಪರೀಕ್ಷೆ ಇದೆ. 2024-25ರಿಂದ ರಾಜ್ಯದಲ್ಲಿ ಡಿಗ್ರಿ ಮತ್ತೆ 3 ವರ್ಷದ್ದಾಗಿದೆ. ಗಣಿತದ ಜೊತೆ ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟರ್ ಸೈನ್ಸ್ ಸಿಗುವ ಕಾಂಬಿನೇಷನ್ ಹುಡುಕಿ.

ಲೈಬ್ರರಿ_ಮೂಲೆ:
ಜೊತೆಗಾರರ ವಿಷಯಕ್ಕೆ ಬರ್ತೀನಿ. ಕಾಲೇಜಿನ ಹೆಸರಲ್ಲ, ವಿಭಾಗ ನೋಡಿ. ವಾರದ ನಡುವೆ ಒಂದು ದಿನ ಹೋಗಿ ಕೊನೇ ವರ್ಷದವರನ್ನೇ ಮಾತಾಡಿಸಿ: ಗಣಿತಕ್ಕೆ ಕಾಯಂ ಉಪನ್ಯಾಸಕರು ಎಷ್ಟು ಜನ? ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಪಾಠವೂ ತಡ. ಕ್ಲಾಸು ಮುಗಿದ ಮೇಲೆ ಡೌಟ್ ಕೇಳೋಕೆ ಬಿಡ್ತಾರಾ? ಲೈಬ್ರರಿ ಸಂಜೆ ಎಷ್ಟರವರೆಗೆ?

ಕಾಲೇಜಿನ ಹೊರಗೂ ಬೆಂಗಳೂರಲ್ಲಿ ಬೇಕಾದಷ್ಟಿದೆ. ಟಿ. ಚೌಡಯ್ಯ ರಸ್ತೆಯ ತಾರಾಲಯದ 'ರೀಪ್' ಕಾರ್ಯಕ್ರಮದಲ್ಲಿ ಡಿಗ್ರಿಯವರಿಗೆ ಭೌತಶಾಸ್ತ್ರ ಹೇಳಿಕೊಡ್ತಾರೆ. ಹೆಸರಘಟ್ಟ ಕಡೆಯ ಸೈದ್ಧಾಂತಿಕ ವಿಜ್ಞಾನ ಸಂಶೋಧನಾ ಕೇಂದ್ರ ಐಸಿಟಿಎಸ್ ಸಾರ್ವಜನಿಕ ಉಪನ್ಯಾಸ ನಡೆಸುತ್ತೆ. ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್‌ಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು, ಆದ್ದರಿಂದ ಮೊದಲ ವರ್ಷವೇ ಒಬ್ಬರಿಗಾದರೂ ಪರಿಚಯವಾಗಿರಿ.

ಓದೋ ಗುಂಪು ಅಂದರೆ 3-4 ಜನ ಸಾಕು. ವಾರಕ್ಕೊಮ್ಮೆ ಒಬ್ಬರು ಬೋರ್ಡ್ ಮೇಲೆ ಸಾಧಿಸಬೇಕು, ಉಳಿದವರು ಪ್ರತಿ ಸಾಲಿಗೂ 'ಯಾಕೆ' ಅನ್ನಬೇಕು. 8 ಜನ ಆದರೆ ಹರಟೆ.

ವಿಜಯನಗರ_ಪಿಸಿಎಂಸಿ:
ಕೆಇಎ ಸುತ್ತು ಮುಗಿಯೋವರೆಗೆ ಬಿಎಸ್ಸಿಗೂ ಅರ್ಜಿ ಹಾಕಿರಬಹುದಾ?

ಆಪ್ಷನ್_ಎಂಟ್ರಿ:
ಹಾಕಿ, ಅದು ರಾಜ್ಯದ ವಿಶ್ವವಿದ್ಯಾಲಯಗಳ ಡಿಗ್ರಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್ಲು, ಬೇರೆಯದೇ. ಮೂಲ ಟಿಸಿ ಮಾತ್ರ ಒಂದೇ ಇರೋದು. ಎಲ್ಲಿಗೆ ಕೊಟ್ಟರೂ ಹಿಂಪಡೆಯೋ ನಿಯಮ, ಶುಲ್ಕ ವಾಪಸಾತಿಯ ಕೊನೇ ದಿನ ಕೇಳಿಕೊಂಡೇ ಕೊಡಿ.