ದ್ವೀಪದೇಶಗಳ ಸಾಮೂಹಿಕ ಚಂಡಮಾರುತ ವಿಮೆ: ಒಂದೇ ಗಾಳಿ ಎಲ್ಲರ ಮನೆಗೂ ನುಗ್ಗಿದರೆ?

ಪ್ರಶ್ನೆ · ಹಾಸನದ_ಓದುಗ

ಕೆರಿಬಿಯನ್ ಕಡಲಿನ ಸಣ್ಣ ದೇಶಗಳು ಸೇರಿ ಸಿಸಿಆರ್‌ಐಎಫ್ ಎಂಬ ವಿಮಾ ನಿಧಿ ನಡೆಸುತ್ತಿವೆ. ಸಾಮಾನು, ಸಿಬ್ಬಂದಿ ಕಳಿಸಲು ಸಿಡೆಮಾ ಎಂಬ ಸಂಸ್ಥೆ ಬೇರೆ ಇದೆ. ಓದುತ್ತಾ ಹೋದಷ್ಟೂ ಗೊಂದಲವೇ ಹೆಚ್ಚಾಯಿತು. ಒಂದೇ ಚಂಡಮಾರುತದ ದಾರಿಯಲ್ಲಿರುವವರು ಒಂದೇ ಹುಂಡಿಗೆ ದುಡ್ಡು ಹಾಕಿದರೆ ಏನು ಲಾಭ? ಹಾನಿಯ ಲೆಕ್ಕ ಹಾಕುವುದಕ್ಕೇ ತಿಂಗಳುಗಟ್ಟಲೆ ಬೇಕಿರುವಾಗ 14 ದಿನದಲ್ಲಿ ಹಣ ಕೊಡುವುದು ಹೇಗೆ? ಪಕ್ಕದ ದ್ವೀಪದಿಂದ ಸಹಾಯ ಬರುವಾಗ ನಿಜವಾಗಿ ಎಡವಟ್ಟಾಗುವುದು ಎಲ್ಲಿ?

ಉತ್ತರ · ಮರುವಿಮೆ_ಲೆಕ್ಕಿಗ

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದು ತಿಳಿದರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಇದು ಬಿದ್ದ ಮನೆ ಎಣಿಸಿ ಕೊಡುವ ವಿಮೆಯಲ್ಲ. ಮಲೆನಾಡಿನ ಅಡಿಕೆ, ಕಾಳುಮೆಣಸಿಗಿರುವ ಹವಾಮಾನ ಆಧಾರಿತ ಬೆಳೆ ವಿಮೆಯನ್ನು ನೆನೆಸಿಕೊಳ್ಳಿ. ತೋಟಕ್ಕೆ ಬಂದು ಕೊಳೆರೋಗದ ಗೊನೆ ಯಾರೂ ಎಣಿಸುವುದಿಲ್ಲ, ಮಳೆಮಾಪಕದ ಅಂಕಿ ನೋಡಿ ಖಾತೆಗೆ ಹಾಕುತ್ತಾರೆ. ಸಿಸಿಆರ್‌ಐಎಫ್ ಕೂಡ ಅದೇ ಜಾತಿ, ಆದರೆ ನಡುವೆ ಒಂದು ಮೆಟ್ಟಿಲು ಹೆಚ್ಚು. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ಪ್ರಕಟಿಸುವ ಚಂಡಮಾರುತದ ದಾರಿ ಮತ್ತು ವೇಗವನ್ನು ಕಂಪ್ಯೂಟರ್ ಮಾದರಿಗೆ ಕೊಡುತ್ತಾರೆ. ಯಾವ ಊರಲ್ಲಿ ಎಷ್ಟು ಕಟ್ಟಡ, ರಸ್ತೆ, ಬಂದರು ಇವೆ ಎಂಬ ಪಟ್ಟಿ ಅದರೊಳಗೆ ಮೊದಲೇ ಇರುತ್ತದೆ. ಗಾಳಿ ಮತ್ತು ಉಕ್ಕಿಬಂದ ಕಡಲಿನಿಂದ ಸರ್ಕಾರಕ್ಕೆ ಎಷ್ಟು ನಷ್ಟವಾಗಿರಬಹುದು ಎಂದು ಮಾದರಿ ಒಂದು ಅಂಕಿ ಕೊಡುತ್ತದೆ. ಪಾವತಿ ನಡೆಯುವುದು ಆ ಅಂಕಿಯ ಮೇಲೆ.

ಪಾಲಿಸಿಯಲ್ಲಿ ಮೂರು ಅಂಕಿ ಮುಖ್ಯ: ಪಾವತಿ ಶುರುವಾಗುವ ನಷ್ಟ, ಪಾವತಿ ನಿಲ್ಲುವ ನಷ್ಟ, ನಡುವಿನದರಲ್ಲಿ ನಿಧಿ ಹೊರುವ ಶೇಕಡಾವಾರು. ಅಂದಾಜಿಗೆ ಒಂದು ಕಾಲ್ಪನಿಕ ದೇಶ ತೆಗೆದುಕೊಳ್ಳಿ. ಶುರು 3 ಕೋಟಿ ಡಾಲರ್, ಕೊನೆ 13 ಕೋಟಿ, ಪಾಲು ಶೇ 20. ಮಾದರಿ 8 ಕೋಟಿ ನಷ್ಟ ಎಂದರೆ (8 − 3) × 0.20, ಅಂದರೆ 1 ಕೋಟಿ ಬರುತ್ತದೆ. 50 ಕೋಟಿ ನಷ್ಟವಾದರೂ 2 ಕೋಟಿಗಿಂತ ಪೈಸೆ ಹೆಚ್ಚು ಬರುವುದಿಲ್ಲ. ಮಾದರಿ 2.9 ಕೋಟಿ ಎಂದರೆ ಸೊನ್ನೆ. ಈ ಅಂಚಿನ ಗೋಳಿಗಾಗಿಯೇ 2017ರಿಂದ ಒಂದು ಪೂರಕ ರಕ್ಷಣೆ ಸೇರಿಸಿದ್ದಾರೆ.

ಇನ್ನು ಹುಂಡಿಯ ವಿಷಯ. ಒಂದು ವರ್ಷದಲ್ಲಿ ಒಂದು ದ್ವೀಪ ಪೂರ್ತಿ ನೆಲಕಚ್ಚಬಹುದು, ಮೂರು ದ್ವೀಪಕ್ಕೆ ಪೆಟ್ಟು ಬೀಳಬಹುದು, ಆದರೆ ಟ್ರಿನಿಡಾಡ್‌ನಿಂದ ಬಹಾಮಾಸ್‌ವರೆಗೆ ಎಲ್ಲವೂ ಒಟ್ಟಿಗೆ ಬೀಳುವುದಿಲ್ಲ. ಹಾಗಾಗಿ ಪ್ರತಿ ದೇಶವೂ ತನ್ನ ಕೆಟ್ಟ ವರ್ಷಕ್ಕೆಂದು ಪೂರ್ತಿ ಹಣ ಬೇರೆಬೇರೆ ಕೂಡಿಡಬೇಕಿಲ್ಲ. ಚಿಕ್ಕ ಪೆಟ್ಟನ್ನು ನಿಧಿಯೇ ಹೊರುತ್ತದೆ, ಅದರ ಮೇಲಿನದನ್ನು ಒಟ್ಟಾಗಿ ಜಾಗತಿಕ ಮರುವಿಮೆ (ವಿಮೆ ಕೊಡುವವರಿಗೇ ಕೊಡುವ ವಿಮೆ) ಮಾರುಕಟ್ಟೆಗೆ ದಾಟಿಸುತ್ತದೆ. ಚಿಲ್ಲರೆಗಿಂತ ಸಗಟು ಅಗ್ಗ, ಅಷ್ಟೇ. 2015ರಿಂದ ಮಧ್ಯ ಅಮೆರಿಕದ ದೇಶಗಳಿಗೂ ಬಾಗಿಲು ತೆರೆದದ್ದರಲ್ಲಿ ಈ ಲೆಕ್ಕವೂ ಇದೆ. ಅಪಾಯ ಹರಡಿದಷ್ಟೂ ಪ್ರೀಮಿಯಂ ಇಳಿಯುತ್ತದೆ.

ಈ ಹಣದಿಂದ ದೇಶ ಮತ್ತೆ ಕಟ್ಟಬಹುದು ಎಂದು ಮಾತ್ರ ಅಂದುಕೊಳ್ಳಬೇಡಿ. 2017ರ ಮರಿಯಾ ಚಂಡಮಾರುತದಲ್ಲಿ ಡೊಮಿನಿಕಾಗೆ ಆದ ನಷ್ಟ ಸುಮಾರು 130 ಕೋಟಿ ಡಾಲರ್, ಅದರ ವಾರ್ಷಿಕ ಜಿಡಿಪಿಯ ಶೇ 226. ನಿಧಿಯಿಂದ ಬಂದದ್ದು ಸುಮಾರು 1.9 ಕೋಟಿ. ನೂರಕ್ಕೆ ಒಂದೂವರೆ! ಆದರೆ ಆ ಹಣಕ್ಕೆ ಷರತ್ತಿಲ್ಲ, ನೇರ ಖಜಾನೆಗೆ ಬರುತ್ತದೆ. ತೆರಿಗೆ ನಿಂತುಹೋದ ತಿಂಗಳಲ್ಲಿ ಪೊಲೀಸರಿಗೆ, ದಾದಿಯರಿಗೆ ಸಂಬಳ ಕೊಡಲು, ಜೆಸಿಬಿಗೆ ಡೀಸೆಲ್ ಹಾಕಲು ಆಗುವುದು ಇದೇ ದುಡ್ಡಿನಿಂದ.

ಮರುಪ್ರಶ್ನೆ · ಹಾಸನದ_ಓದುಗ

ಧನ್ಯವಾದ ಸರ್. ಹಾಗಾದರೆ ಜಮೈಕಾಗೆ 2024ರಲ್ಲಿ ಬಾಂಡ್ ಹಣ ಬರಲಿಲ್ಲ, 2025ರಲ್ಲಿ ಪೂರ್ತಿ ಬಂತು ಎನ್ನುತ್ತಾರಲ್ಲ, ಅದೂ ಇದೇ ನಿಧಿಯದೇ?

ಉತ್ತರ · ಮರುವಿಮೆ_ಲೆಕ್ಕಿಗ

ಅಲ್ಲ, ಅದು ಬೇರೆ ಪದರ. ವಿಶ್ವಬ್ಯಾಂಕ್ ಮೂಲಕ ಹೂಡಿಕೆದಾರರಿಗೆ ಮಾರಿದ 15 ಕೋಟಿ ಡಾಲರ್‌ನ ವಿಪತ್ತು ಬಾಂಡ್: ಷರತ್ತಿನಷ್ಟು ದೊಡ್ಡ ಚಂಡಮಾರುತ ಬಂದರೆ ಅವರ ಹಣ ದೇಶಕ್ಕೆ, ಬರದಿದ್ದರೆ ಬಡ್ಡಿ ಸಮೇತ ಅವರಿಗೇ ವಾಪಸ್. ಅದರಲ್ಲಿ ನಷ್ಟದ ಮಾದರಿಯೇ ಇಲ್ಲ. ದ್ವೀಪದ ಸುತ್ತ ನಕ್ಷೆಯಲ್ಲಿ ಚೌಕಗಳನ್ನು ಎಳೆದು, ಚಂಡಮಾರುತದ ಕೇಂದ್ರ ಆ ಚೌಕಕ್ಕೆ ಬಂದಾಗ ವಾಯುಭಾರ ಇಷ್ಟಕ್ಕಿಂತ ಕೆಳಗಿಳಿದಿರಬೇಕು ಎಂದು ಬರೆದಿರುತ್ತಾರೆ. 2024ರ ಜುಲೈ 3ರಂದು ಬೆರಿಲ್ ದಕ್ಷಿಣ ಕರಾವಳಿಯನ್ನು ಸವರಿಕೊಂಡು ಹೋಯಿತು, ಒತ್ತಡ ಆ ಮಟ್ಟಕ್ಕೆ ಇಳಿಯಲಿಲ್ಲ, ಬಾಂಡ್ ಬಾಯಿಬಿಡಲಿಲ್ಲ. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಸುಮಾರು 892 ಮಿಲಿಬಾರ್ ಒತ್ತಡದೊಂದಿಗೆ ನೆಲಕ್ಕೆ ಅಪ್ಪಳಿಸಿತು, 15 ಕೋಟಿ ಪೂರ್ತಿ ಬಂತು. ಅದರ ಜೊತೆಗೆ ಸಿಸಿಆರ್‌ಐಎಫ್‌ನಿಂದ ಗಾಳಿ ಮತ್ತು ಅತಿವೃಷ್ಟಿ ಪಾಲಿಸಿಗಳು ಸೇರಿ ಸುಮಾರು 9.2 ಕೋಟಿ.

2024ರಲ್ಲಿ "ಮೋಸ" ಎಂದು ಕೂಗಿದವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಆ ಬಾಂಡ್ ಇರುವುದೇ ಅಪರೂಪದ ಮಹಾಪೆಟ್ಟಿಗೆ. ಸುಲಭಕ್ಕೆ ಬಾಯಿಬಿಡುವ ಬಾಂಡ್ ಬೇಕೆಂದರೆ ಬಡ್ಡಿ ಹೆಚ್ಚು ಕೊಡಬೇಕು. ತಪ್ಪಾಗುವುದು ಕೆಳಗಿನ ಪದರಗಳನ್ನು, ಅಂದರೆ ಬಜೆಟ್‌ನ ಮೀಸಲು ಹಣ, ತುರ್ತು ಸಾಲ, ಸಾಮೂಹಿಕ ವಿಮೆ ಇವುಗಳನ್ನು ಬಿಟ್ಟು ಮೇಲಿನದೊಂದನ್ನೇ ಕೊಂಡಾಗ.

ಗ್ರೆನಡಾ ಇನ್ನೊಂದು ಜಾಣತನ ಮಾಡಿತ್ತು. ಸಾಲಪತ್ರದಲ್ಲೇ ಚಂಡಮಾರುತದ ಷರತ್ತು ಸೇರಿಸಿ, ಅದನ್ನು ಸಿಸಿಆರ್‌ಐಎಫ್ ಲೆಕ್ಕಕ್ಕೆ ಕಟ್ಟಿತ್ತು. ಬೆರಿಲ್ ನಂತರ ವಿಮೆಯ ಸುಮಾರು 4.4 ಕೋಟಿ ಡಾಲರ್ ಕೈಗೆ ಬಂತು, ಸಾಲದ ಕಂತೂ ಮುಂದಕ್ಕೆ ಹೋಯಿತು.

ಉತ್ತರ · ಬಂದರು_ಉಗ್ರಾಣ

ಮೂರನೇ ಪ್ರಶ್ನೆಗೆ. ಸಿಡೆಮಾ ಬಾರ್ಬಡೋಸ್‌ನಲ್ಲಿದೆ, 1991ರಲ್ಲಿ ಹುಟ್ಟಿದ ಹಳೆಯ ಸಂಸ್ಥೆಗೆ 2009ರಲ್ಲಿ ಸಿಕ್ಕ ಹೊಸ ರೂಪ. ಸದಸ್ಯ ದೇಶಗಳನ್ನು ನಾಲ್ಕು ಗುಂಪು ಮಾಡಿ ಜಮೈಕಾ, ಆಂಟಿಗುವಾ, ಬಾರ್ಬಡೋಸ್, ಟ್ರಿನಿಡಾಡ್‌ಗೆ ಒಂದೊಂದು ಗುಂಪಿನ ಉಸ್ತುವಾರಿ ಕೊಟ್ಟಿದ್ದಾರೆ. ಗ್ರೆನಡಾಗೆ ಏನಾದರೂ ಆದರೆ ಮೊದಲು ಓಡಬೇಕಾದದ್ದು ಟ್ರಿನಿಡಾಡ್. ಕಾಗದದಲ್ಲಿ ಚೊಕ್ಕಟವಾಗಿದೆ. ಕೆಡುವುದು ಈ ಮುಂದಿನ ಕಡೆಗಳಲ್ಲಿ.

ಉಗ್ರಾಣವೇ ದಾರಿಯಲ್ಲಿರುತ್ತದೆ. 2024ರ ಜುಲೈ 1ರಂದು ಬೆರಿಲ್ ಗ್ರೆನಡಾದ ಕ್ಯಾರಿಯಾಕೂ ದ್ವೀಪವನ್ನು ಹೊಡೆಯುವ ಮೊದಲು ಬಾರ್ಬಡೋಸ್‌ನ ಮೀನುಗಾರಿಕೆ ದೋಣಿಗಳನ್ನೇ ಪುಡಿಮಾಡಿತ್ತು. ದಾಸ್ತಾನನ್ನು ಒಂದೇ ಕಡೆ ಪೇರಿಸಬಾರದು ಎನ್ನುವುದು ಇದಕ್ಕೇ.

ಕೊನೆಯ ಹರದಾರಿಯನ್ನು ಎಲ್ಲರೂ ಮರೆಯುತ್ತಾರೆ. ಸಾಮಾನು ರಾಜಧಾನಿ ಸೇಂಟ್ ಜಾರ್ಜಸ್‌ಗೆ ಬಂದರೂ ಕ್ಯಾರಿಯಾಕೂಗೆ ಮತ್ತೆ ದೋಣಿ ಬೇಕು. ಅಲ್ಲಿ ಜೆಟ್ಟಿಯ ಕ್ರೇನ್ ಬಿದ್ದಿದ್ದರೆ ಕಂಟೇನರ್ ಇಳಿಸಲಾಗದು. ಕೈಯಲ್ಲಿ ಎತ್ತುವಷ್ಟು ಚಿಕ್ಕ ಕಟ್ಟುಗಳಾಗಿ ಮೊದಲೇ ವಿಂಗಡಿಸಿ, ಮುಂಬಾಗಿಲು ತೆರೆಯುವ ಚಪ್ಪಟೆ ತಳದ ದೋಣಿಯಲ್ಲಿ ಕಳಿಸಬೇಕು.

ನೀರನ್ನು ಬಾಟಲಿಯಲ್ಲಿ ಕಳಿಸುವುದು ಶುದ್ಧ ದಡ್ಡತನ. ತಲೆಗೆ ದಿನಕ್ಕೆ 15 ಲೀಟರ್ ಎಂಬ, ನೆರವು ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡ ಹಿಡಿದರೂ 10,000 ಜನರಿಗೆ ದಿನಕ್ಕೆ 150 ಟನ್. ಉಪ್ಪುನೀರು ಸೋಸುವ ಯಂತ್ರ, ಮಡಚುವ ಟ್ಯಾಂಕು, ಕ್ಲೋರಿನ್ ಕಳಿಸಿ. ಸೂರಿಗೆ 4 × 6 ಮೀಟರ್ ಟಾರ್ಪಾಲು ಮನೆಗೆ ಎರಡು, ಜೊತೆಗೆ ಹಗ್ಗ, ಮೊಳೆ, ಸುತ್ತಿಗೆ, ಗರಗಸ, ಕಟ್ಟುತಂತಿ. ಬರಿ ಟಾರ್ಪಾಲು ಕಳಿಸಿದರೆ ಮುಂದಿನ ಗಾಳಿಗೆ ಅದು ಪಟವಾಗುತ್ತದೆ.

ಯಾರೂ ಬರೆಯದ ಇನ್ನೊಂದು ವಿಷಯ ವಿದ್ಯುತ್. ಟ್ರಿನಿಡಾಡ್‌ನಲ್ಲಿ 115 ವೋಲ್ಟ್, 60 ಹರ್ಟ್ಸ್. ಗ್ರೆನಡಾದಲ್ಲಿ 230 ವೋಲ್ಟ್, 50 ಹರ್ಟ್ಸ್. ಬಾರ್ಬಡೋಸ್‌ನಲ್ಲಿ 115 ವೋಲ್ಟ್, ಆದರೆ 50 ಹರ್ಟ್ಸ್! ನೆರೆಯವರು ಪ್ರೀತಿಯಿಂದ ಕಳಿಸಿದ 60 ಹರ್ಟ್ಸ್ ಪಂಪನ್ನು ಟ್ರಾನ್ಸ್‌ಫಾರ್ಮರ್ ಇಟ್ಟು 50 ಹರ್ಟ್ಸ್‌ಗೆ ಜೋಡಿಸಿದರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ, ನೀರು ಏರುವ ಎತ್ತರ ಶೇ 70ರ ಹತ್ತಿರಕ್ಕೆ ಕುಸಿಯುತ್ತದೆ. ವೋಲ್ಟೇಜನ್ನೂ ಅದೇ ಅನುಪಾತದಲ್ಲಿ ಇಳಿಸದಿದ್ದರೆ ಮೋಟಾರು ಕಾದು ಸುಡುತ್ತದೆ. ಆದ್ದರಿಂದ ಪಂಪು ಕಳಿಸುವವರು ಅದಕ್ಕೆ ಹೊಂದುವ ಜನರೇಟರನ್ನೂ ಜೋಡಿಯಾಗಿಯೇ ಕಳಿಸಬೇಕು, ಇಲ್ಲವೇ ಡೀಸೆಲ್ ಪಂಪು.

ಕೇಳದೆ ಬಂದ ಹಳೆಬಟ್ಟೆಯ ಕಂಟೇನರ್‌ಗಳು ಬಂದರಿನ ಅಂಗಳ ತುಂಬಿ, ಬೇಕಾದ ಔಷಧಿಯನ್ನು ಹಿಂದಕ್ಕೆ ತಳ್ಳುತ್ತವೆ. ಸುಂಕವಿನಾಯಿತಿ ಆದೇಶ, ಹೊರಗಿನ ವೈದ್ಯರ, ಲೈನ್‌ಮನ್‌ಗಳ ಪರವಾನಗಿ ಒಪ್ಪಂದ ಇವೆಲ್ಲ ಜೂನ್ 1ಕ್ಕೆ ಚಂಡಮಾರುತದ ಋತು ಶುರುವಾಗುವ ಮೊದಲೇ ಸಹಿಯಾಗಿರಬೇಕು.

ಉತ್ತರ · ಅಲೆಮಾಪಕ

ಶಾಂತಸಾಗರದ ಒಂದು ಪಾಠ ಸೇರಿಸುತ್ತೇನೆ. ಅಲ್ಲೂ ಇಂಥದ್ದೇ ವಿಮೆ ಇದೆ. 2013ರ ಫೆಬ್ರುವರಿಯಲ್ಲಿ ಸೊಲೊಮನ್ ದ್ವೀಪಗಳ ಸಾಂಟಾಕ್ರೂಜ್‌ನಲ್ಲಿ ಭೂಕಂಪ, ಸುನಾಮಿ ಆದಾಗ ಮಾದರಿಯ ಲೆಕ್ಕ ಮಿತಿ ಮುಟ್ಟಲಿಲ್ಲ, ಹಣ ಬರಲಿಲ್ಲ. ಮುಂದೆ ಆ ದೇಶ ಯೋಜನೆಯಿಂದಲೇ ಹೊರಬಿತ್ತು. ಜನವಸತಿ ವಿರಳವಾದ ದೂರದ ದ್ವೀಪದಲ್ಲಿ ಒಟ್ಟು ಆಸ್ತಿಯ ಬೆಲೆಯೇ ಕಡಿಮೆ, ಹಾಗಾಗಿ ಊರಿಗೆ ಊರೇ ಹೋದರೂ ಡಾಲರ್ ಲೆಕ್ಕ ಮೇಲೇಳುವುದಿಲ್ಲ. ಪಾಲಿಸಿ ಕೊಳ್ಳುವ ಹಣಕಾಸು ಇಲಾಖೆ ಹಳೆಯ ನಾಲ್ಕೈದು ವಿಪತ್ತುಗಳನ್ನು ಮಾದರಿಯಲ್ಲಿ ಓಡಿಸಿ, ಯಾವುದಕ್ಕೆ ಹಣ ಬರುತ್ತಿತ್ತು, ಯಾವುದಕ್ಕೆ ಬರುತ್ತಿರಲಿಲ್ಲ ಎಂದು ಸಂಪುಟಕ್ಕೆ ಮೊದಲೇ ತೋರಿಸಿಬಿಡಬೇಕು. ಬಿರುಗಾಳಿ ಬಂದ ಮೇಲೆ ವಿವರಿಸಲು ಹೋದರೆ ಯಾರೂ ಕೇಳುವುದಿಲ್ಲ.

ಎಚ್ಚರಿಕೆ ಜಾಲಕ್ಕೂ ಇಂಥದೇ ಕುರುಡುಜಾಗ ಇದೆ. 2022ರ ಜನವರಿ 15ರಂದು ಟೊಂಗಾದ ಸುನಾಮಿ ಎದ್ದದ್ದು ಜ್ವಾಲಾಮುಖಿಯಿಂದ, ಭೂಕಂಪನದ ಅಳತೆಯನ್ನೇ ನೆಚ್ಚಿದ ಲೆಕ್ಕಕ್ಕೆ ಅದು ಸರಿಯಾಗಿ ಸಿಗಲಿಲ್ಲ. ಕಡಲತಳದ ಕೇಬಲ್ ತುಂಡಾಗಿ, ಅದರ ಮೂಲಕದ ಹೊರದೇಶದ ಸಂಪರ್ಕ ಮರಳಲು ಐದು ವಾರವಾಯಿತು. ವಿಮಾನ ನಿಲ್ದಾಣದ ಓಡುದಾರಿಯ ಬೂದಿಯನ್ನು ಜನ ಕೈಯಾರೆ ಗುಡಿಸಿದ ಮೇಲೆಯೇ ನೆರವಿನ ವಿಮಾನ ಇಳಿದದ್ದು. ದಾಸ್ತಾನಿನ ಪಟ್ಟಿಗೆ ಸಲಿಕೆ, ಪೊರಕೆ, ಮುಖಗವಸು, ಉಪಗ್ರಹ ಫೋನು ಸೇರಿಸಿಕೊಳ್ಳಿ.