ಡಲ್ಲಾಸ್ ಮಗಳಿಗೆ, ಸಿಗಡಿ ಪ್ಯಾಕೆಟ್ ಬಗ್ಗೆ

ತಂಗೀ, ನಿನ್ನ ಮೆಸೇಜ್ ಈಗ ನೋಡಿದೆ. ನೀವು ತಂದ ಬ್ರೆಡ್ ಪುಡಿ ಹಚ್ಚಿದ ಫ್ರೋಜನ್ ಸಿಗಡಿಯನ್ನು ಕಂಪನಿಯವರು ವಾಪಸ್ ಕರೆಸಿಕೊಳ್ಳುತ್ತಿದ್ದಾರೆ. ಅದರಲ್ಲಿ ಹಾಲಿದೆ, ಲೇಬಲ್ ಮೇಲೆ ಬರೆದಿಲ್ಲ. ಸಣ್ಣವನಿಗೆ ಹಾಲು ಆಗಲ್ಲ, ಮೇಲಿನ ಪುಡಿ ತೊಳೆದು ಕರಿದು ಕೊಟ್ಟರೆ ನಡೆಯುತ್ತಾ ಅಂತ ಕೇಳಿದ್ದೀಯ. ಬೇಡವ್ವಾ. ಒಂದು ಚೂರೂ ಬೇಡ.

ಗದಗಿನ ಕಾಕಾನ ಸಂಗತಿ ಗೊತ್ತಲ್ಲ? ಅವರಿಗೆ ಮೀನು ಆಗುತ್ತದೆ, ಸಿಗಡಿ ಆಗಲ್ಲ. ಎರಡೂ ಬೇರೆ ಬೇರೆ ಅಲರ್ಜಿ. ಕೇಶ್ವಾಪುರದ ಬೀಗರ ಊಟದಲ್ಲಿ ಮೀನಿನ ಕಟ್ಲೆಟ್ ಮಾಡಿಸಿದ್ದರು. ನಾನೇ ಹೋಗಿ ಅಡುಗೆಯವನನ್ನು ಕೇಳಿದೆ. "ಇಲ್ರೀ ಅಕ್ಕಾರ, ಕಾರವಾರದ ಮೀನು, ಮತ್ತೇನೂ ಇಲ್ಲ" ಅಂದ. ಕಾಕಾ ಎರಡು ತುತ್ತು ತಿಂದರು ಅಷ್ಟೇ. ತುಟಿ ಊದಿತು, ಮೈಯೆಲ್ಲಾ ದದ್ದು ಎದ್ದಿತು, ಮಾತು ಹೊರಡದಂತಾಯಿತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಬಂತು. ಆಮೇಲೆ ನೋಡಿದರೆ, ರುಚಿಗೆ ಅಂತ ಆ ಪುಣ್ಯಾತ್ಮ ಒಣ ಸಿಗಡಿ ಪುಡಿ ಹಾಕಿದ್ದ! "ಒಂದು ಚಮಚಾ ಅಷ್ಟ ರೀ" ಅಂತೆ. ಅದಕ್ಕೇ ಹೇಳೋದು, ಒಂದು ಚೂರೂ ಬೇಡ.

ಇಲ್ಲಿಯೂ ನಮ್ಮ ಸರಕಾರದ ಆಹಾರ ಸುರಕ್ಷತಾ ಸಂಸ್ಥೆಯ 2020ರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಮೀನು, ಸಿಗಡಿ, ಹಾಲು, ಶೇಂಗಾ ಎಲ್ಲ ಪ್ಯಾಕೆಟ್ ಮೇಲೆ ಬರೆಯಬೇಕು. ಬೀಗರ ಬಾಣಲೆಗೆ ಯಾರು ಲೇಬಲ್ ಹಚ್ಚುತ್ತಾರೆ? ಅವತ್ತು ಅವರು ಏನಂದರು ಗೊತ್ತಾ? ಶುಭಕಾರ್ಯದಲ್ಲಿ ಗದ್ದಲ ಎಬ್ಬಿಸಿದಿರಿ ಅಂತ! ಉಸಿರು ಕಟ್ಟಿದ್ದೂ ನಮ್ಮವರಿಗೇ, ಬೈಗುಳವೂ ನಮಗೇ. ಕುಬಸಕ್ಕೆ ಮನೆಗೆ ಬಂದು ಕರೆಯಲಿಲ್ಲ, ಸುಮ್ನೆ ವಾಟ್ಸಾಪ್‌ನಲ್ಲಿ ಕಾರ್ಡ್ ಹಾಕಿದರು. ನಾವೇನು ಊಟಕ್ಕೆ ಗತಿಯಿಲ್ಲದವರಾ? ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯ, ಹೇಳಬೇಕಾದದ್ದೇ ಉಳಿಯಿತು. ಪ್ಯಾಕೆಟ್ ಮೇಲಿನ ಲಾಟ್ ನಂಬರ್, ತಾರೀಖು ಎರಡನ್ನೂ ಅಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎ ನೋಟಿಸಿಗೆ ತಾಳೆ ಹಾಕು. ಹೊಂದಿದರೆ ಅಂಗಡಿಗೆ ಕೊಟ್ಟು ದುಡ್ಡು ವಾಪಸ್ ತಗೋ. ತೊಳೆದರೂ ಕರಿದರೂ ಹಾಲಿನ ಅಂಶ ಹೋಗಲ್ಲ, ಫ್ರೀಜರ್‌ನಲ್ಲಿ ಇಟ್ಟರೂ ಅಷ್ಟೇ. ಅದನ್ನು ಕರಿದ ಎಣ್ಣೆಯಲ್ಲಿ ಸಣ್ಣವನಿಗೆ ಹಪ್ಪಳ ಕೂಡ ಕರಿಯಬೇಡ. ನೀನು, ಅಳಿಯಂದಿರು ತಿಂದಿದ್ದಕ್ಕೆ ಹೆದರಬೇಡಿ, ಹಾಲು ಆಗುವವರಿಗೆ ಇದರಿಂದ ತೊಂದರೆ ಇಲ್ಲ. ಅವನ ಎಪಿಪೆನ್, ಅದೇ ಆ ಅಡ್ರಿನಲಿನ್ ಇಂಜೆಕ್ಷನ್ ಪೆನ್, ಅದರ ಅವಧಿ ಮುಗಿದಿದೆಯಾ ಈಗಲೇ ನೋಡು. ಅಕಸ್ಮಾತ್ ತಿಂದು ಉಸಿರು ಬಿಗಿದರೆ ಮೊದಲು ಅದನ್ನು ತೊಡೆಗೆ ಚುಚ್ಚು, ಕೂಡಲೇ 911ಕ್ಕೆ ಫೋನ್ ಮಾಡು. ಆಗ ಇಲ್ಲಿ ಮೆಸೇಜ್ ಹಾಕಿ ನನ್ನ ಉತ್ತರ ಕಾಯುತ್ತಾ ಕೂರಬೇಡ ಮತ್ತೆ.